ಚಾದರದ ಕೆಳಗೆ

ಫ್ಯಾನಿನ ಗಾಳಿಗೆ ಚಾದರದ ಅಂಚು ಮೆಲ್ಲಗೆ ಏಳುತ್ತದೆ, ಬೀಳುತ್ತದೆ, ಸಪ್ನಾಳ ಕೈ ತಾನಾಗಿಯೇ ಅದನ್ನು ಹಾಸಿಗೆಯಡಿ ಸಿಕ್ಕಿಸಲು ಹೋಗಿ ಅರ್ಧಕ್ಕೇ ನಿಲ್ಲುತ್ತದೆ — ತಂಗೀ, ಒಂದು ಗುಟುಕು ನೀರ ಕೊಡವಾ, ಅನ್ನುತ್ತಿದ್ದಾಳೆ ಶರಣವ್ವ, ಬೆಳಿಗ್ಗೆ ಗರ್ಭಕೋಶ ತೆಗೆಸಿಕೊಂಡು ವಾರ್ಡಿಗೆ ಬಂದವಳು, ವಿಜಯಪುರದ ಕಡೆಯವಳು, ಈ ಮಲಾಡಿನ ಆಸ್ಪತ್ರೆಯಲ್ಲಿ ತನ್ನ ಮಾತು ಬಲ್ಲ, ನರ್ಸಿಂಗ್ ಕಲಿಯುವ ಈ ಹುಡುಗಿ ಸಿಕ್ಕಿದ್ದಕ್ಕೇ ಅರ್ಧ ಗುಣವಾದವಳು, ಆಪರೇಷನ್ ಆದವರೆಲ್ಲ ನೀರು ಕೇಳುವವರೇ, ಕೊಡುವಂತಿಲ್ಲ, ಹತ್ತಿ ಅದ್ದಿ ತುಟಿ ಒರೆಸು ಸಾಕು, ಹಿರಿಯ ಸಿಸ್ಟರ್ ಹೇಳಿ ಹೋದರು, ಹೊಟ್ಟೆಯ ಪಟ್ಟಿ ಒಣಗಿದೆ, ಮಾನಿಟರ್ ಸುಮ್ಮನಿದೆ, ಎಲ್ಲ ಸರಿ, ಎಲ್ಲ ಸರಿ ಅಂದುಕೊಂಡೇ ಅಲ್ಲವೇ ಆವತ್ತು ಕಾಲೇಜಿನ ಲ್ಯಾಬಿನಲ್ಲಿ ಚಂದ್ರಾಮನನ್ನು ಕೊಂದದ್ದು.

ಚಂದ್ರಾಮ ಅಂದರೆ ಅಭ್ಯಾಸದ ಗೊಂಬೆ, ರಬ್ಬರಿನ ಮೈ, ಎದೆ ಉಬ್ಬಿಸಿ ಉಸಿರಾಡುವ ಗೊಂಬೆ, ಹೆಸರಿಟ್ಟದ್ದು ಹುಡುಗಿಯರು, ಆವತ್ತು ಅವನಿಗೆ ಪಕ್ಕೆಯ ಆಪರೇಷನ್ ಆಗಿತ್ತೆಂದು ಪಾಠ, ಗಾಜಿನಾಚೆ ಕೂತು ಮೈಕಿನಲ್ಲಿ ಅವನ ಪರವಾಗಿ ನರಳುವವರು ಧಾರವಾಡದ ವಂದನಾ ಮೇಡಂ — ಸಿಸ್ಟರ್, ಥಂಡಿ ಹತ್ತೈತ್ರೀ, ನೀರ ಕೊಡ್ರಿ — ನಗು ಬಂತು, ಪಾಪ ಅಂತಲೂ ಅನಿಸಿತು, ಜೋಗೇಶ್ವರಿಯ ಚಾಳಿನಲ್ಲಿ ಚಳಿ ಅಂದವರಿಗೆ ಅವ್ವ ಏನು ಮಾಡುತ್ತಾಳೆ, ಕೌದಿ ಹೊದಿಸಿ ನಾಲ್ಕೂ ಕಡೆ ಒತ್ತುತ್ತಾಳೆ, ಹೊದ್ದು ಮಲಗಿದವರ ಕೌದಿ ಎತ್ತಬಾರದವಾ ಅನ್ನುತ್ತಾಳೆ, ಹಾಗೆಯೇ ಇವಳೂ ಗೊಂಬೆಗೆ ಹೊದಿಕೆಯ ಮೇಲೆ ಹೊದಿಕೆ ಹೊದಿಸಿ, ಅಂಚು ಒತ್ತಿ, ಅಚ್ಚುಕಟ್ಟಾಯಿತೆಂದು ಹಿಗ್ಗಿ ನಿಂತಳು, ಸ್ವಲ್ಪ ಹೊತ್ತಿಗೆ ಮಾನಿಟರ್ ಕೂಗಿ ಗೊಂಬೆ ಸತ್ತಿತು, ಮೇಡಂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಚಾದರ ಸರಿಸಿದರು ಅಷ್ಟೇ — ಬೆನ್ನಡಿ ಬಿಳಿ ಹಾಸಿಗೆಯ ತುಂಬ ಕೆಂಪು, ರಕ್ತವೆಂದು ಹರಿಸಿದ, ಆರತಿಯ ಕುಂಕುಮನೀರಿನಂಥ ಬಣ್ಣದ ನೀರು, ಮುಟ್ಟಿದರೆ ತಣ್ಣಗೆ — ಬ್ಯಾಸರ ಮಾಡ್ಕೋಬ್ಯಾಡ ಸಪ್ನಾ, ಇಲ್ಲಿ ಸತ್ತವ್ರು ನಾಳೆ ಎದ್ದು ಕೂಡ್ತಾರ, ಆದ್ರ ಥಂಡಿ ಯಾಕ ಹತ್ತೇತಿ, ನೀರಡಿಕಿ ಯಾಕ ಆಗೇತಿ ಅಂತ ನಿನ್ನ ನೀ ಕೇಳ್ಕೊಂಡಿಯೇನು, ಅಂದರು.

ಥಂಡಿ ಹತ್ತೈತವಾ, ಮ್ಯಾಲೆ ಏನರ ಹಾಕು, ಅನ್ನುತ್ತಾಳೆ ಈಗ ಶರಣವ್ವ, ಕೈ ಹಿಡಿದರೆ ಬೆವರಿ ತಣ್ಣಗಾಗಿದೆ, ನಾಡಿ ಓಡುತ್ತಿದೆ, ಸಪ್ನಾಳಿಗೆ ಹೆದರಿಕೆ, ನಿಜವಾದ ಹೆದರಿಕೆ, ಈಕೆ ಹೋದರೆ ನಾಳೆ ಎದ್ದು ಕೂಡುವುದಿಲ್ಲ, ಏನೂ ಇಲ್ಲದಿದ್ದರೆ ವಾರ್ಡೆಲ್ಲ ನಗುತ್ತದೆ, ನಗಲಿ — ಆಯೀ, ಜರಾ ಮಗ್ಗಲಾ ಹೊಳ್ಳ್ರಿ, ಹಾಂ, ಹಂಗ — ಚಾದರ ಸರಿಸಿ ಕೈ ಸೊಂಟದಡಿ ಜಾರುತ್ತದೆ, ಸಿಸ್ಟರ್, ಡಾಕ್ಟರ್ ಕೋ ಬುಲಾವೋ, ಜಲ್ದಿ, ಇಷ್ಟು ಗಟ್ಟಿ ದನಿ ತನ್ನದೇ, ಯಾರೋ ಓಡಿದರು, ಟ್ರಾಲಿ ಬಂತು, ಸಪ್ನಾ ತನ್ನ ಕೈ ನೋಡುತ್ತಾಳೆ, ಕೆಂಪು, ಅದೇ ಕೆಂಪು, ಆದರೆ ಬೆಚ್ಚಗಿದೆ.