ಅರಿಷಿಣದ ಗಂಟಿನ ಕೆಂಪು ಬಾವುಟ

"ಆ ಕೆಂಪಂದು ಬಿಚ್ಚಬ್ಯಾಡ್ರಿ. ಅದು ಬಿಚ್ಚಿದ ದಿನ ಗಾಡಿಗೆ ಗಂಡಾಂತರ ಬರತೈತಿ" ಎಂದಳು ಕೆಂಚವ್ವ ತನ್ನ ಗಂಡನಿಗೆ. ನಾನು ರೈಲ್ವೆ ಗೇಟಿನ ಮನೆಗೆ ಬಂದ ದಿನ ಕೇಳಿದ ಮೊದಲ ಮಾತೇ ಇದು ನೋಡಿ. ಅಷ್ಟಕ್ಕೇ ಬಿಟ್ಟಳೇ? ನನ್ನನ್ನು ಕೋಲಿಗೆ ಬಿಗಿಯಾಗಿ ಸುತ್ತಿ, ಅರಿಷಿಣ ಹಚ್ಚಿದ ದಾರದಿಂದ ಗಂಟಿನ ಮೇಲೆ ಗಂಟು ಹಾಕಿಬಿಟ್ಟಳು.

ನಾನೊಂದು ಕೆಂಪು ಬಾವುಟ. ರೈಲು ನಿಲ್ಲಿಸುವವಳು. ಈಗ ಬಣ್ಣ ಮಾಸಿ ಮೂಲೆ ಸೇರಿದ್ದೇನೆ, ಆದರೆ ಹುಬ್ಬಳ್ಳಿಯ ದರ್ಜಿಯೊಬ್ಬನ ಮಿಷಿನ್ನಿನ ಕೆಳಗೆ, ನನ್ನ ಜೋಡಿ ಬಾವುಟ ಹಸಿರಕ್ಕನ ಬೆನ್ನಿಗೇ ಹುಟ್ಟಿದಾಗ ಬೆಂಕಿಯ ಹಾಗಿದ್ದೆ. ಒಂದೇ ಕತ್ತರಿ, ಒಂದೇ ಅಳತೆ, ಹಣೆಬರಹ ಮಾತ್ರ ಬೇರೆ. ಕೈಮರದ ಸಿಗ್ನಲ್ ಇಲ್ಲದ ಆ ಬಯಲಿನ ಗೇಟಿನಲ್ಲಿ ಉಗಿಬಂಡಿಯ ಡ್ರೈವರಿಗೆ ನಾವಿಬ್ಬರೇ ಸನ್ನೆ. ಹಸಿರು ಬಿಚ್ಚಿದರೆ ಹೋಗು, ಕೆಂಪು ಬಿಚ್ಚಿದರೆ ನಿಲ್ಲು.

ಗಾಡಿ ಬರುವ ಹೊತ್ತಿಗೆ ಕೆಂಚವ್ವನ ಗಂಡ, ಗೇಟು ಕಾಯುವ ಭರಮಪ್ಪ ಅಕ್ಕನನ್ನು ಬಿಚ್ಚಿ ಕೈಚಾಚಿ ಹಿಡಿಯುತ್ತಿದ್ದ. ನಾನು ಅವನ ಬಗಲಲ್ಲಿ, ಬೆವರು ಬೀಡಿಗಳ ವಾಸನೆಯಲ್ಲಿ. ಡ್ರೈವರ್ ದ್ಯಾಮಣ್ಣ ಸೀಟಿ ಹೊಡೆಯುತ್ತಿದ್ದುದು ಅವಳಿಗೆ. ಕಿಟಕಿಯ ಮಕ್ಕಳು ಕೈ ಬೀಸುತ್ತಿದ್ದುದು ಅವಳಿಗೆ. ಗಾಳಿ ಕೂಡ ಅವಳದೇ! ನನಗೆ ಹೊಟ್ಟೆ ಉರಿಯುತ್ತಿತ್ತು. ಒಂದೇ ಒಂದು ಸಲ ಒಂದು ಗಾಡಿ ನನ್ನನ್ನು ನೋಡಿ ನಿಲ್ಲಲಿ, ಆಮೇಲೆ ಮಸಿಬಟ್ಟೆಯಾದರೂ ಸೈ ಎಂದುಕೊಳ್ಳುತ್ತಿದ್ದೆ. ಗಂಡಾಂತರ ಬರದೆ ನನಗೆ ದಿನ ಬರದು, ಕೆಟ್ಟ ಆಸೆ ಅದು. ಆದರೂ ಆಸೆ.

ಬಂತು. ಒಂದು ಮಧ್ಯಾಹ್ನ ಗೇಟು ದಾಟುತ್ತಿದ್ದ ಚಕ್ಕಡಿಯ ಗಾಲಿ ಹಳಿಯ ಸಂದಿನಲ್ಲಿ ಸಿಕ್ಕಿಕೊಂಡಿತು. ಮೇಲೆ ದಿನ ತುಂಬಿದ ಬಸುರಿ, ಥಟ್ಟನೆ ಇಳಿಯುವ ಹಾಗಿಲ್ಲ. ದೂರದಲ್ಲಿ ಹೊಗೆ ಕಂಡಿತು.

"ಕೆಂಪು ಬಿಚ್ಚ್ರಿ! ಕೆಂಪು!" ಕೆಂಚವ್ವ ಬಾಯಿ ಬಡಿದುಕೊಂಡಳು.

"ನೀ ಹಾಕಿದ ಗಂಟು ಇದು! ಹಲ್ಲಿಗೂ ಬಗ್ಗವಲ್ದು!"

ಭರಮಪ್ಪ ಗಾಡಿಗೆ ಎದುರಾಗಿ ಓಡುತ್ತಲೇ ದಾರ ಕಚ್ಚಿದ, ಎಳೆದ. ಬೆವರು ಕುಡಿದ ಗಂಟು ಕಲ್ಲಾಗಿತ್ತು. ನನ್ನನ್ನು ಅತ್ತ ಎಸೆದವನೇ ಅಕ್ಕನನ್ನು ಬಿಚ್ಚಿ ಹುಚ್ಚು ಹಿಡಿದವನಂತೆ ಬೀಸತೊಡಗಿದ. ಕೆಂಪು ಕೈಗೆ ಸಿಗದಿದ್ದರೆ ಯಾವ ಬಟ್ಟೆಯನ್ನಾದರೂ ಜೋರಾಗಿ ಬೀಸು, ಅದು ನಿಲ್ಲು ಎಂದೇ ಲೆಕ್ಕ, ಇದು ರೈಲಿನವರ ಹಳೇ ಕಟ್ಟಳೆ. ಗಾಡಿ ಕಿರುಚುತ್ತ ನಿಂತಿತು, ಎತ್ತುಗಳ ಮೈಗೆ ಉಗಿ ತಾಗುವಷ್ಟು ಹತ್ತಿರ.

ಎಲ್ಲರೂ ಉಳಿದರು. ಜನ ಭರಮಪ್ಪನನ್ನು ತಬ್ಬಿಕೊಂಡರು, ಬಸುರಿ ಹಸಿರಕ್ಕನನ್ನು ಕಣ್ಣಿಗೊತ್ತಿಕೊಂಡಳು. ನಾನು ಜಲ್ಲಿಕಲ್ಲಿನ ಮೇಲೆ ಬಿದ್ದು ಎಲ್ಲವನ್ನೂ ನೋಡಿದೆ. ನಿಲ್ಲಿಸುವ ಒಂದು ಕೆಲಸ ನನ್ನದಿತ್ತು, ಅದನ್ನೂ ಅವಳೇ ಕಿತ್ತುಕೊಂಡಳು!

ಮರುದಿನ ಕೆಂಚವ್ವ ಕುಡುಗೋಲಿನಿಂದ ದಾರ ಕೊಯ್ದಳು. ಬೂಷ್ಟು ಹಿಡಿದಿದ್ದ ನನ್ನನ್ನು ಒಗೆದು, ಹಳಿಯ ಪಕ್ಕದ ಬೇಲಿಯ ಮೇಲೆ ಹರವಿ, ರೊಟ್ಟಿ ಬಡಿಯಲು ಒಳಗೆ ಹೋದಳು. ಆಹಾ, ಗಾಳಿ ಅಂದರೆ ಇದೇನಾ! ನಾನು ಪಟಪಟ ಬಡಿದುಕೊಂಡೆ. ಅಷ್ಟರಲ್ಲಿ ಬಂದ ಪ್ಯಾಸೆಂಜರ್ ಗಾಡಿ ನನ್ನನ್ನು ಕಂಡದ್ದೇ ಗಕ್ಕನೆ ನಿಂತುಬಿಟ್ಟಿತು. ನನ್ನನ್ನೇ, ನನ್ನನ್ನೇ ನೋಡಿ!

ದ್ಯಾಮಣ್ಣ ಇಂಜಿನ್ನಿನಿಂದ ಬಗ್ಗಿ ಕೂಗಿದ: "ಏ ಭರಮಪ್ಪಾ, ಇವತ್ತೇನಾತೋ?"

ಕೆಂಚವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು. "ಏನಿಲ್ಲ ಅಣ್ಣಾ, ಒಗದು ಹಾಕೀನಿ."

"ನಿನ್ನೆ ಹಸಿರು ಬೀಸಿ ನಿಲ್ಲಿಸಿದ್ರಿ, ಇವತ್ತ ಕೆಂಪು ಒಣಹಾಕಿ ನಿಲ್ಲಿಸಿದ್ರಿ. ನಾಳೆ ಸೀರಿ ಒಣಹಾಕಬ್ಯಾಡವಾ ತಂಗಿ, ನಾವು ಊರು ಮುಟ್ಟಬೇಕು!"

"ನೀ ಹೋಗಪಾ ಅಣ್ಣಾ, ಹಂಚಿನ ಮ್ಯಾಲೆ ರೊಟ್ಟಿ ಹೊತ್ತತೈತಿ!"

ಅವಳು ನನ್ನನ್ನು ಸರ್ರನೆ ಎಳೆದುಕೊಂಡಳು. ಓಡೋಡಿ ಬಂದ ಭರಮಪ್ಪ ಅಕ್ಕನನ್ನು ಎತ್ತಿ ಹಿಡಿದ. ನಿನ್ನೆ ಬೀಸಿದ ಹೊಡೆತಕ್ಕೆ ಅವಳ ಅಂಚೆಲ್ಲ ಚಿಂದಿಯಾಗಿತ್ತು. ಗಾಡಿ ಹೊರಟ ರಭಸಕ್ಕೆ ಒಂದು ಹಸಿರು ಚಿಂದಿ ಕಿತ್ತು ಹಾರಿಬಂದು, ಇನ್ನೂ ಒದ್ದೆಯಾಗಿದ್ದ ನನಗೆ ಅಂಟಿಕೊಂಡಿತು. ಕೊಡವಿಕೊಳ್ಳಲು ನೋಡಿದೆ. ಅದು ಬಿಡಲಿಲ್ಲ.