ಪೂಜೆಗೆ ಕೂತ ಸರ್ವರ್

ಮಂಗಳಾರತಿ ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಸೇವಂತಿಗೆ ಹಾರದ ಹಿಂದಿನಿಂದ ಸರ್ವರ್ ಗೊರ್ರೆಂದು ಸದ್ದು ಮಾಡಿತು. ಅನಂತಸ್ವಾಮಿಗಳು ಗಾಬರಿಯಾಗಿ ಗಂಟೆ ಅಲ್ಲಾಡಿಸುವುದನ್ನು ನಿಲ್ಲಿಸಿಬಿಟ್ಟರು. ನಿಲ್ಲಿಸಬಾರದಿತ್ತು. ಗಂಟೆಯ ಸದ್ದಿನಲ್ಲಿ ಹೇಗೋ ಮುಚ್ಚಿಹೋಗುತ್ತಿದ್ದ ಫ್ಯಾನಿನ ಸದ್ದು ಈಗ ಕೋಣೆ ತುಂಬ ಕೇಳತೊಡಗಿತು.

ಅರಸೀಕೆರೆಯ ಆ ತೆಂಗು ಬೆಳೆಗಾರರ ಸಂಘದಲ್ಲಿ ಆಯುಧಪೂಜೆಯ ದಿನ ಓಡುವ ವಸ್ತು ಒಂದೂ ಇರಕೂಡದು. ತೂಕದ ಯಂತ್ರ, ಕಾಯಿ ಸುಲಿಯುವ ಯಂತ್ರ ಎಲ್ಲ ಬಂದ್. ಟ್ರ್ಯಾಕ್ಟರು ಬಾಳೆಕಂದು ಕಟ್ಟಿಸಿಕೊಂಡು ಅಂಗಳದಲ್ಲಿ ಸುಮ್ಮನೆ ನಿಂತಿತ್ತು. ಅಧ್ಯಕ್ಷ ಲಕ್ಕಪ್ಪನವರು ತಮ್ಮ ಮೊಬೈಲನ್ನೂ ಆಫ್ ಮಾಡಿ, ಅರಿಶಿನ ಕುಂಕುಮ ಹಚ್ಚಿ, ತಟ್ಟೆಯಲ್ಲಿ ಮಲಗಿಸಿದ್ದರು. ಹಾಗಿರುವಾಗ ಸಂಘದ ಲೆಕ್ಕವೆಲ್ಲ ಇಟ್ಟುಕೊಂಡ ಕಂಪ್ಯೂಟರು, ಈ ಸರ್ವರ್ ಒಂದು ಮಾತ್ರ ಹೂವಿನ ಸಂದಿಯಲ್ಲಿ ಹಸಿರು ದೀಪ ಪಿಳುಕಿಸುತ್ತ ಕೂತಿರುವುದು ಎಲ್ಲರ ಕಣ್ಣಿಗೂ ಬಿತ್ತು. ಲಕ್ಕಪ್ಪನವರು ಬಗ್ಗಿ, ಪೆಟ್ಟಿಗೆಗೆ ಕಿವಿಗೊಟ್ಟು, ಎದ್ದು ನಿಂತರು.

"ರಂಗನಾಯಕಮ್ಮ, ಇದು ಉಸಿರಾಡ್ತಾ ಐತಲ್ಲ."

ಸರ್ವರ್ ನೋಡಿಕೊಳ್ಳುವ ಹೊಣೆ ರಂಗನಾಯಕಿಯದು. ಪ್ರತಿ ವರ್ಷ ಪೂಜೆಯ ದಿನ ಅವರು ಆಫ್ ಮಾಡುತ್ತಿದ್ದದ್ದು ಪರದೆಯನ್ನು ಮಾತ್ರ. ಪರದೆ ಕಪ್ಪಾಯಿತೆಂದರೆ ಕಂಪ್ಯೂಟರ್ ನಿಂತಿತು ಎಂದು ನಂಬುವ ಆಡಳಿತ ಮಂಡಳಿ ಇರುವಾಗ ಇನ್ನೇನು ತಾನೇ ಬೇಕು. ಗುಟ್ಟು ಗೊತ್ತಿದ್ದದ್ದು ಪೂಜೆ ಮಾಡುತ್ತಿದ್ದ ಅನಂತಸ್ವಾಮಿಗಳಿಗೆ. ಅವರು ರಂಗನಾಯಕಿಯ ಗಂಡ, ಆದ್ದರಿಂದ ಬಾಯಿ ಬಿಡುವ ಪ್ರಶ್ನೆಯೇ ಇರಲಿಲ್ಲ. ಈ ಸಲ ಎಡವಟ್ಟಾದದ್ದು ರಂಗನಾಯಕಿಯಿಂದಲೇ. ಹೇಗೂ ರಜಾ ದಿನ, ಯಾರಿಗೂ ತೊಂದರೆಯಿಲ್ಲ ಎಂದು ಸಂಘದ ಮಾಹಿತಿಯನ್ನೆಲ್ಲ ನಕಲು ತೆಗೆದಿಡುವ ಕೆಲಸಕ್ಕೆ ಬೆಳಗ್ಗೆ ಹನ್ನೊಂದರ ಹೊತ್ತು ಗೊತ್ತುಮಾಡಿದ್ದರು. ಮಂಗಳಾರತಿಯೂ ಅದೇ ಹೊತ್ತಿಗೆ ಬಂತು. ಗೊತ್ತುಮಾಡಿದ ಸಮಯಕ್ಕೆ ಸರಿಯಾಗಿ ಸರ್ವರ್ ಸೆರಗು ಕಟ್ಟಿ ಕೆಲಸಕ್ಕಿಳಿಯಿತು, ಫ್ಯಾನು ಜೋರಾಯಿತು.

ರಂಗನಾಯಕಿ ಬೇಲೂರಿನ ಕಡೆಯ ಪೂಜಾರರ ಮನೆಯ ಮಗಳು. ಸಂಘಕ್ಕೆ ಟೈಪಿಸ್ಟಾಗಿ ಬಂದವರು. ಕಂಪ್ಯೂಟರ್ ಬಂದಾಗ ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿ, ಟೈಪು ಬರುವವರೇ ನೋಡಿಕೊಳ್ಳಲಿ ಎಂದು ಅದನ್ನು ಇವರ ತಲೆಗೆ ಕಟ್ಟಿದ್ದರು. ಚಿತ್ರವಿಲ್ಲ, ಬಣ್ಣವಿಲ್ಲ, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಆಜ್ಞೆ ಬರೆದು ಎಂಟರ್ ಒತ್ತಬೇಕು, ಅಷ್ಟೇ. ತಾತ ಮಂತ್ರ ಕಲಿಸಿದ ಹಾಗೆಯೇ ಅವರು ಆ ಆಜ್ಞೆಗಳನ್ನು ಬಾಯಿಪಾಠ ಮಾಡಿ ಕಲಿತರು. ಅದಕ್ಕೊಂದು ಮಡಿಯನ್ನೂ ಇಟ್ಟುಕೊಂಡರು. ದೊಡ್ಡ ಆಜ್ಞೆ ಬರೆದ ಮೇಲೆ ಕೈ ಎತ್ತಿ ಮಡಿಲಲ್ಲಿಟ್ಟು, ಇಡೀ ಸಾಲನ್ನು ಒಮ್ಮೆ ಗಟ್ಟಿಯಾಗಿ ಓದಿ, ಆಮೇಲೆಯೇ ಎಂಟರ್. ಏನನ್ನಾದರೂ ಅಳಿಸುವ ಮೊದಲು ಅಳಿಸಹೊರಟದ್ದು ಏನೆಂದು ಪರದೆಯ ಮೇಲೆ ತರಿಸಿ ನೋಡಬೇಕು. ಇನ್ನು ಬಾಣಾವರದ ಶಾಖೆಯ ಕಂಪ್ಯೂಟರನ್ನೂ ಇಲ್ಲಿಂದಲೇ ನೋಡಿಕೊಳ್ಳುತ್ತಿದ್ದರಲ್ಲ, ಕಪ್ಪು ಪರದೆ ಎಲ್ಲ ಒಂದೇ ಥರ ಕಾಣುತ್ತದೆ. ಆಜ್ಞೆ ಕೊಡುವ ಮೊದಲು ನಿನ್ನ ಹೆಸರೇನು ಎಂದು ಯಂತ್ರವನ್ನೇ ಕೇಳುವುದು ಅವರ ಪದ್ಧತಿ. ಹೊಸ ಕಾರ್ಯದರ್ಶಿ ಶಿವಪ್ರಕಾಶ್ ಇದನ್ನೆಲ್ಲ ನೋಡಿ ಮೇಡಂ ಸಂಕಲ್ಪಕ್ಕೆ ಕೂತರು ಎಂದು ನಗುತ್ತಿದ್ದ. ನಗಲಿ ಬಿಡಿ. ಕರೆಂಟು ಹೋದಾಗಲೂ ಬ್ಯಾಟರಿಯಲ್ಲೇ ಓಡಿ, ಆರು ವರ್ಷಗಳಿಂದ ಆ ಸರ್ವರ್ ಒಂದು ಗಳಿಗೆಯೂ ನಿಂತಿರಲಿಲ್ಲ.

ಈ ನಿಲ್ಲದಿರುವುದೇ ರಂಗನಾಯಕಿಯ ಬಂಡವಾಳ. ಬೆಂಗಳೂರಿನ ಕಂಪನಿಯೊಂದಕ್ಕೆ ಎಲ್ಲವನ್ನೂ ಒಪ್ಪಿಸಿ, ಮೇಡಮ್ಮನ್ನು ಬಾಣಾವರದ ಶಾಖೆಯಲ್ಲಿ ಗೊಬ್ಬರ ಮಾರುವುದಕ್ಕೆ ಕಳಿಸಬೇಕೆಂದು ಶಿವಪ್ರಕಾಶ್ ಆಗಲೇ ಮೂರು ಸಭೆಗಳಲ್ಲಿ ಮಂಡಿಸಿದ್ದ. ಮೂರು ಸಲವೂ ಲಕ್ಕಪ್ಪನವರು, ಓಡ್ತಾ ಇರೋ ಗಾಡಿ ಚಕ್ರ ಯಾಕ್ ಬಿಚ್ತೀಯ ಎಂದು ಬಾಯಿ ಮುಚ್ಚಿಸಿದ್ದರು. ಇವತ್ತು ಆ ಲಕ್ಕಪ್ಪನವರೇ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದರು. ಅವರಿಗೆ ಸಿಟ್ಟಿಗಿಂತ ಹೆಚ್ಚಾಗಿ ನೋವಾಗಿತ್ತು.

"ಇಷ್ಟು ವರ್ಸ ದೇವ್ರ ಮುಂದೆ ನನ್ ಕೈಲಿ ಸುಳ್ಳು ಆರತಿ ಎತ್ತಿಸಿದ್ರಾ ತಾಯಿ?"

ರಂಗನಾಯಕಿಗೆ ನಿಜವಾಗಿಯೂ ನಾಚಿಕೆಯಾಯಿತು. ಆದರೂ ವಾದ ಬಿಡಲಿಲ್ಲ. ಅರ್ಚಕರ ಮನೆತನ, ವಾದ ರಕ್ತದಲ್ಲೇ ಇತ್ತು. ಗುಡಿಯ ನಂದಾದೀಪವನ್ನು ಹಬ್ಬವೆಂದು ಆರಿಸುತ್ತಾರೆಯೇ, ಇದೂ ಹಾಗೆಯೇ ಎಂದರು. ಅನಂತಸ್ವಾಮಿಗಳು ಹೌದು ಹೌದು, ಅದಕ್ಕೆ ಶಾಸ್ತ್ರದಲ್ಲಿ ಆಧಾರವಿದೆ ಎಂದು ಗಂಟಲು ಸರಿಮಾಡಿಕೊಂಡರು. ಯಾವ ಶಾಸ್ತ್ರ ಎಂದು ಯಾರೂ ಕೇಳದೆ ಇದ್ದದ್ದು ಅವರ ಪುಣ್ಯ. ಲಕ್ಕಪ್ಪನವರು ಪೂರಾ ಕೇಳಿಸಿಕೊಂಡು ತಲೆ ಅಲ್ಲಾಡಿಸಿದರು.

"ದೀಪ ದೇವ್ರುದು, ಅದು ಉರೀಲಿ. ಇದು ನಮ್ಮುದು. ನಮ್ಮಪ್ಪ ಹಬ್ಬದ ದಿನ ಎತ್ತಿನ ಹೆಗಲ ಮ್ಯಾಲೆ ಕೈ ಇಕ್ಕಿ, ಇವತ್ತು ನಿಂಗೆ ರಜಾ ಕಣಪ್ಪಾ ಅನ್ನೋನು. ಆರು ವರ್ಸ ದುಡ್ಸಿದ್ದೀವಿ ಇದನ್ನ. ಒಂದಿನ ಮಲಗಿಸ್ರಮ್ಮ."

ಎತ್ತಿನ ಮಾತು ಬಂದ ಮೇಲೆ ನಂದಾದೀಪದ ವಾದ ಬಿದ್ದುಹೋಯಿತು. ಶಿವಪ್ರಕಾಶ್ ಕಡ್ಲೆಪುರಿ ಅಗಿಯುತ್ತ ಮೆಲ್ಲಗೆ ಹೇಳಿದ: "ಆಫ್ ಮಾಡಿ ಬಿಡಿ ಮೇಡಂ. ನಾಳೆ ಏಳ್ಲಿಲ್ಲ ಅಂದ್ರೆ ಬೆಂಗಳೂರಿನವ್ರು ಇದ್ದೇ ಇದಾರೆ."

ಯಾರಿಗೂ ಹೇಳದ ಒಂದು ವಿಷಯ ರಂಗನಾಯಕಿಯ ಹೊಟ್ಟೆಯೊಳಗಿತ್ತು. ಆ ಸರ್ವರನ್ನು ಅವರು ಇಷ್ಟು ದಿನ ನಿಲ್ಲಿಸದೆ ಇದ್ದದ್ದು ಬರೀ ಹೆಮ್ಮೆಗಲ್ಲ. ನಿಲ್ಲಿಸಿದರೆ ಮತ್ತೆ ಏಳುತ್ತದೆಯೇ ಎಂಬ ಭಯಕ್ಕೆ. ಇಷ್ಟು ವರ್ಷಗಳಲ್ಲಿ ಅದಕ್ಕೆ ಅವಸರದಲ್ಲಿ ಎಷ್ಟೋ ಮಾತು ಹೇಳಿದ್ದರು, ಅದೂ ಕೇಳಿಕೊಂಡು ನಡೆದಿತ್ತು. ಮಲಗಿ ಎದ್ದ ಮೇಲೆ ಅದರಲ್ಲಿ ಯಾವುದು ಅದರ ನೆನಪಿನಲ್ಲಿ ಉಳಿದೀತು, ಯಾವುದು ಹೋದೀತು ಎಂದು ಅವರಿಗೇ ಗೊತ್ತಿರಲಿಲ್ಲ. ಬೇಲೂರಿನಲ್ಲಿ ತಂಗಿಯ ಮಗನ ಮುಂಜಿಗೆ ಹೋದಾಗಲೂ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡೇ ಹೋಳಿಗೆ ತಿಂದವರು ಅವರು. ಹಳೇಬೀಡಿನ ದಾರಿಯಲ್ಲಿ ಸಿಗ್ನಲ್ ಹೋಯಿತೆಂದರೆ ಲ್ಯಾಪ್‌ಟಾಪನ್ನೇ ಕಿಟಕಿಯತ್ತ ಎತ್ತಿ ಹಿಡಿಯುತ್ತಿದ್ದರು.

ಕೊನೆಗೆ ಅವರು ನಕಲು ತೆಗೆಯುವ ಕೆಲಸ ಮುಗಿಯುವ ತನಕ ಕಾದರು. ಕುಂಕುಮ ಮೆತ್ತಿದ ಕೀಬೋರ್ಡಿನ ಮುಂದೆ ಕೂತು ಪರದೆ ಹೊತ್ತಿಸಿದರು. ಹೆಸರು ಕೇಳಿದರು, ಹೇಳಿತು. ಆಜ್ಞೆ ಬರೆದರು, ಕೈ ಮಡಿಲಿಗೆ ತಂದರು, ಗಟ್ಟಿಯಾಗಿ ಓದಿದರು. ಎಂಟರ್ ಒತ್ತುವಾಗ ಕಣ್ಣು ಮುಚ್ಚಿಕೊಂಡರು. ಫ್ಯಾನು ನಿಧಾನವಾಗಿ ನಿಂತಿತು. ಅಂಗಳದಲ್ಲಿ ಯಾರೋ ಬೂದುಗುಂಬಳ ಒಡೆದ ಸದ್ದು ಕೇಳಿಸಿತು. ಲಕ್ಕಪ್ಪನವರು ಪೆಟ್ಟಿಗೆಯ ನೆತ್ತಿ ತಟ್ಟಿ, ಮಲಗಪ್ಪಾ ಎಂದು ಹೊರಟುಹೋದರು.

ಮಧ್ಯಾಹ್ನ ಮನೆಯಲ್ಲಿ ರಂಗನಾಯಕಿಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ನೋಡುವುದಕ್ಕೆ ಸರ್ವರ್ ಇಲ್ಲ, ಕೆಟ್ಟಿತೆಂದು ಯಾರಾದರೂ ಫೋನು ಮಾಡುವುದಕ್ಕೆ ಅದು ಓಡುತ್ತಲೇ ಇಲ್ಲ. ತೆಂಗಿನಕಾಯಿ ತುರಿದರು, ತುರಿದದ್ದು ಜಾಸ್ತಿಯಾಯಿತು. ಗಂಟೆ ಯಾಕೆ ನಿಲ್ಲಿಸಿದಿರಿ ಎಂದು ಗಂಡನ ಮೇಲೆ ಹರಿಹಾಯ್ದರು. ಅನಂತಸ್ವಾಮಿಗಳು ಒಬ್ಬಟ್ಟಿಗೆ ತುಪ್ಪ ಹಾಕಿಕೊಳ್ಳುತ್ತ, "ಗೊಬ್ಬರ ಮಾರಿದ್ರೇನಂತೆ ರಂಗು, ಬಾಣಾವರಕ್ಕೆ ರೈಲಿದೆ, ಕಿಟಕಿ ಪಕ್ಕ ಸೀಟು ಸಿಗತ್ತೆ" ಎಂದರು. ರಂಗನಾಯಕಿ ತುಪ್ಪದ ಗಿಂಡಿಯನ್ನು ಅವರ ಕೈಯಿಂದ ತೆಗೆದು ಒಳಗಿಟ್ಟರು. ಆಮೇಲೆ ಸುಮ್ಮನೆ ಒರಗಿದವರಿಗೆ ಅದೆಷ್ಟು ಗಾಢ ನಿದ್ದೆ ಬಂತೆಂದರೆ ಸಂಜೆಯ ಕಾಫಿಗೆ ಗಂಡನೇ ಎಬ್ಬಿಸಬೇಕಾಯಿತು.

ವಿಜಯದಶಮಿಯ ಬೆಳಗ್ಗೆ ಸಂಘದ ಮುಂದೆ ಉಂಡೆ ಕೊಬ್ಬರಿಯ ಚೀಲಗಳು ಬಂದು ಕೂತಿದ್ದವು. ಒಳ್ಳೆಯ ದಿನ, ಇವತ್ತಿನಿಂದ ಖರೀದಿ ಶುರು. ಚೀಲ ತೂಗಿ ಚೀಟಿ ಕೊಡಬೇಕೆಂದರೆ ಬೆಳೆಗಾರರ ಹೆಸರು ಸರ್ವರಿನಿಂದ ಬರಬೇಕು. ರಂಗನಾಯಕಿ ಗುಂಡಿ ಒತ್ತಿದರು. ಫ್ಯಾನು ತಿರುಗಿತು, ಕಪ್ಪು ಪರದೆಯ ಮೇಲೆ ಅಕ್ಷರಗಳು ಸರಸರ ಓಡಿದವು, ಹೆಸರು ಕೇಳಿದರೆ ಹೆಸರನ್ನೂ ಹೇಳಿತು. ಲಕ್ಕಪ್ಪನವರು ಕೈಮುಗಿದರು. ರಂಗನಾಯಕಿಯ ಎದೆಯ ಮೇಲಿಂದ ಚೀಲ ಇಳಿಸಿದ ಹಾಗಾಯಿತು.

ಅಷ್ಟರಲ್ಲಿ ಪಕ್ಕದ ಮೇಜಿನಿಂದ ಶಿವಪ್ರಕಾಶ್, "ಸದಸ್ಯರು ಸೊನ್ನೆ ಅಂತ ತೋರಿಸ್ತಿದೆ" ಎಂದ.

ಲಕ್ಕಪ್ಪನವರಿಗೆ ಅರ್ಥವಾಗಲಿಲ್ಲ. ಒಬ್ಬರೂ ಇಲ್ಲ, ಸಂಘ ಖಾಲಿ ಎಂದು ಅವನು ಬಿಡಿಸಿ ಹೇಳಿದ.

"ನಾನೂ ಇಲ್ವಾ?"

"ನೀವೂ ಇಲ್ಲ ಸರ್."

"ನಾನೇ ಇಲ್ಲ ಅಂದ್ಮೇಲೆ ಅಧ್ಯಕ್ಷ ಯಾರ್ಲಾ?" ಎಂದು ಲಕ್ಕಪ್ಪನವರು ಕುರ್ಚಿಯ ಮೇಲೆ ಕೂತುಬಿಟ್ಟರು. ಸುದ್ದಿ ಹೊರಗೂ ಹೋಯಿತು. ಬಾಗಿಲಲ್ಲಿ ಮುಖಗಳು ಮೂಡಿದವು. ಅಜ್ಜನ ಕಾಲದಿಂದ ಸದಸ್ಯರಾಗಿದ್ದ ಹನುಮಂತಯ್ಯನವರು, ತಮ್ಮನ್ನು ತೆಗೆದುಹಾಕಿದ್ದು ಯಾವ ಸಭೆಯಲ್ಲಿ ಎಂದು ಶಾಂತವಾಗಿಯೇ ಕೇಳಿದರು. ಶಿವಪ್ರಕಾಶ್ ಜೇಬಿನಿಂದ ಫೋನು ತೆಗೆದು, ಬೆಂಗಳೂರಿಗೆ ಒಂದು ಮಾತು ಹೇಳಲೇ ಎಂದ. ದುಃಖದ ಧ್ವನಿಯಲ್ಲೇ ಕೇಳಿದ, ಆದರೆ ಆಗಲೇ ನಂಬರು ಹುಡುಕುತ್ತಿದ್ದ.

ರಂಗನಾಯಕಿಗೆ ಬಾಣಾವರದ ಗೊಬ್ಬರದ ವಾಸನೆ ಮೂಗಿಗೆ ಬಡಿದ ಹಾಗಾಯಿತು. ಕೈಯನ್ನು ಮಡಿಲಿಗೆ ತಂದು ಸುಮ್ಮನೆ ಕೂತರು. ಗಾಬರಿಯಲ್ಲಿ ಏನೂ ಒತ್ತಬಾರದು. ಇದೂ ಅವರ ಮಡಿಯೇ. ಮೊದಲು ಏನಿದೆ, ಏನಿಲ್ಲ ಎಂದು ನೋಡಬೇಕು. ಯಂತ್ರಕ್ಕೆ ಎಷ್ಟು ಡಿಸ್ಕು ಜೋಡಿಸಿದೆ ಎಂದು ಕೇಳಿದರು. ಎರಡು ಎಂದಿತು. ಬಳಸುತ್ತಿರುವುದು ಎಷ್ಟು ಎಂದರೆ ಒಂದು ಎಂದಿತು.

ಆಗ ಎಲ್ಲ ನೆನಪಾಯಿತು. ಆರು ವರ್ಷದ ಹಿಂದೆ ಹಳೆಯ ಡಿಸ್ಕು ತುಂಬಿಹೋಗಿ, ಹೊಸದೊಂದನ್ನು ತಂದು ಹಾಕಿ, ಸಂಘದ ಮಾಹಿತಿಯನ್ನೆಲ್ಲ ಅದಕ್ಕೆ ಸಾಗಿಸಿದ್ದರು. ಹಳೆಯ ಜಾಗದಲ್ಲಿ ಉಳಿದದ್ದು ಹೆಸರುಗಳಿಲ್ಲದ ಖಾಲಿ ಚೌಕಟ್ಟು ಮಾತ್ರ. ಇದನ್ನು ಸೇರಿಸಿಕೋ ಎಂದು ಸರ್ವರಿಗೆ ಒಂದು ಸಾಲಿನಲ್ಲಿ ಹೇಳಿದ್ದರು, ಅದೂ ಸೇರಿಸಿಕೊಂಡಿತ್ತು. ಪ್ರತಿ ಸಲ ಎದ್ದಾಗಲೂ ಸೇರಿಸಿಕೋ ಎಂದು ಅದರ ಕಡತದಲ್ಲಿ ಬರೆದಿಡುವುದು ಬಾಕಿ ಉಳಿದಿತ್ತು. ಅವತ್ತು ಯಾರೋ ತೂಕದ ಚೀಟಿಗೆ ಕೂಗಿದ್ದರು, ಇವರು ಎದ್ದು ಹೋಗಿದ್ದರು.

ಓಡುತ್ತಿದ್ದ ಸಂಘದ ಪ್ರೋಗ್ರಾಮನ್ನು ನಿಲ್ಲಿಸಿ, ಸೇರಿಸಿಕೋ ಎನ್ನುವ ಮೌಂಟ್ ಆಜ್ಞೆಯ ಆ ಸಾಲನ್ನು ಬರೆದರು. ಬಾಗಿಲ ತುಂಬ ಜನ ನಿಂತಿದ್ದರೂ ನಾಚದೆ ಗಟ್ಟಿಯಾಗಿ ಓದಿದರು, ಎಂಟರ್ ಒತ್ತಿದರು, ಪ್ರೋಗ್ರಾಮನ್ನು ಮತ್ತೆ ಶುರುಮಾಡಿದರು. ಶಿವಪ್ರಕಾಶನ ಪರದೆಯ ಮೇಲೆ ಹೆಸರುಗಳು ಸಾಲಾಗಿ ಬಂದು ನಿಂತವು. ಲಕ್ಕಪ್ಪನವರು ಹೋಗಿ ತಮ್ಮ ಹೆಸರನ್ನು ಬೆರಳಿಟ್ಟು ಮುಟ್ಟಿ ನೋಡಿದರು. ಹನುಮಂತಯ್ಯನವರೂ ನೋಡಿ, ಸರಿ ಎಂದು ಚೀಲದ ಹತ್ತಿರ ಹೋದರು.

ಏನಾಗಿತ್ತು ಎಂದು ಲಕ್ಕಪ್ಪನವರು ಕೇಳಿದರು. ರಂಗನಾಯಕಿ ಸುತ್ತಿ ಬಳಸಲಿಲ್ಲ.

"ತಪ್ಪು ನಂದೇ ಅಧ್ಯಕ್ಷರೇ. ಬಾಯಲ್ಲಿ ಹೇಳಿದ್ದೆ, ಬರೆದಿಟ್ಟಿರಲಿಲ್ಲ. ಎಚ್ಚರವಾಗಿರೋ ತನಕ ಅದಕ್ಕೆ ನೆನಪಿತ್ತು. ಮಲಗಿ ಎದ್ದು ಮರೀತು."

ಲಕ್ಕಪ್ಪನವರಿಗೆ ಇದು ಥಟ್ಟನೆ ಅರ್ಥವಾಯಿತು. ಅವರ ಮನೆಯಲ್ಲೂ ಅಣ್ಣತಮ್ಮಂದಿರು ಬಾಯಿಮಾತಿನಲ್ಲೇ ತೋಟ ಪಾಲು ಮಾಡಿಕೊಂಡು, ದೊಡ್ಡಣ್ಣ ಕಣ್ಣು ಮುಚ್ಚಿದ ಮಾರನೇ ದಿನದಿಂದ ಕೋರ್ಟಿಗೆ ಅಲೆಯುತ್ತಿದ್ದರು. ಬಂತಲ್ಲ, ಇನ್ನು ಬಿಡಿ, ತೂಕ ಶುರುವಾಗಲಿ ಎಂದು ಎದ್ದರು. ಶಿವಪ್ರಕಾಶನೂ ಫೋನನ್ನು ಜೇಬಿಗೆ ಸೇರಿಸಿದ.

ರಂಗನಾಯಕಿ ಏಳಲಿಲ್ಲ. ಕಡತದ ಒಂದು ನಕಲು ತೆಗೆದಿಟ್ಟು, ಮೂಲದಲ್ಲಿ ಆ ಸಾಲನ್ನು ಅಕ್ಷರ ಅಕ್ಷರ ನೋಡಿ ಬರೆದರು. ಆಮೇಲೆ, ನಿಂತು ಮತ್ತೆ ತಾನೇ ಶುರುವಾಗು ಎಂಬ ಇನ್ನೊಂದು ಆಜ್ಞೆ ಬರೆದು ಓದಿದರು. ಓದಿದ್ದು ಕೇಳಿ ಶಿವಪ್ರಕಾಶ್ ಬೆಚ್ಚಿದ. ಮತ್ತೆ ಆಫ್ ಮಾಡ್ತಿದೀರಾ ಎಂದ. ಲಕ್ಕಪ್ಪನವರು ಓಡಿ ಬಂದು ಪೆಟ್ಟಿಗೆಗೆ ಅಡ್ಡ ನಿಂತರು.

"ಹಬ್ಬ ಮುಗೀತಲ್ಲಮ್ಮ. ಈಗ್ಯಾಕೆ ಮಲಗಿಸ್ತೀರಿ? ನೀವಿದ್ದೀರಲ್ಲ, ಬೇಕಾದಾಗ ಎಬ್ಬಿಸ್ತೀರಿ."

"ಅದಕ್ಕೇ ಅಧ್ಯಕ್ಷರೇ. ನಾನಿಲ್ದೆ ಏಳ್ಬೇಕು ಅದು."

ಈ ಮಾತಿನ ಅರ್ಥ ಶಿವಪ್ರಕಾಶನಿಗೆ ಎಲ್ಲರಿಗಿಂತ ಮೊದಲು ಹೊಳೆಯಿತು. ಅದು ತಾನಾಗಿಯೇ ಎದ್ದರೆ ಮೇಡಂ ಇಲ್ಲೇ ಇರಬೇಕೆಂದಿಲ್ಲ. ಅವನು ರಂಗನಾಯಕಿಯ ಮುಖ ನೋಡಿದ. ಅವರು ಎಂಟರ್ ಒತ್ತಿದರು. ಈ ಸಲ ಕಣ್ಣು ಮುಚ್ಚಲಿಲ್ಲ. ಪರದೆ ಕಪ್ಪಾಗಿ ಫ್ಯಾನಿನ ಸದ್ದು ಅಡಗುತ್ತಿದ್ದಂತೆ ಎದ್ದು, ಚಪ್ಪಲಿ ಮೆಟ್ಟಿ, ಹಿಂತಿರುಗಿ ನೋಡದೆ ಅಂಗಳಕ್ಕೆ ಹೋದರು.

ನಲ್ಲಿಯ ಹತ್ತಿರ ಒಂದು ತೆಂಗಿನ ಸಸಿ ಇತ್ತು. ಬೆರಳ ತುದಿಗೆಲ್ಲ ಕೀಬೋರ್ಡಿನ ಕುಂಕುಮ ಮೆತ್ತಿತ್ತು. ರಂಗನಾಯಕಿ ಒಂದೊಂದೇ ಬೆರಳನ್ನು ಉಜ್ಜಿ ತೊಳೆದರು. ಕೆಂಪು ನೀರು ಹರಿದು ಸಸಿಯ ಪಾತಿಗೆ ಹೋಯಿತು. ತೂಕದ ಯಂತ್ರದ ಮುಂದೆ ಜನ ಚೀಲ ಹಿಡಿದು ಕಾಯುತ್ತಿದ್ದರು. ಒಳಗೆ ಲಕ್ಕಪ್ಪನವರು ಪೆಟ್ಟಿಗೆಗೆ ಕಿವಿಗೊಟ್ಟು ಕುಕ್ಕರುಗಾಲಿನಲ್ಲಿ ಕೂತಿರುವುದು ಕಿಟಕಿಯಿಂದ ಕಾಣುತ್ತಿತ್ತು, ರಂಗನಾಯಕಿ ಆ ಕಡೆ ನೋಡಲಿಲ್ಲ.

"ಉಸಿರು ಬಂತು ಕಣಮ್ಮ" ಎಂದರು ಲಕ್ಕಪ್ಪನವರು. ಸ್ವಲ್ಪ ಹೊತ್ತು ಬಿಟ್ಟು ಶಿವಪ್ರಕಾಶನ ಧ್ವನಿಯೂ ಕೇಳಿತು. ಅವನು ಪರದೆ ನೋಡಿಕೊಂಡು ಮೊದಲನೇ ಸದಸ್ಯನ ಹೆಸರು ಕೂಗುತ್ತಿದ್ದ.

ರಂಗನಾಯಕಿ ನಲ್ಲಿ ನಿಲ್ಲಿಸಿದರು. ಸೆರಗಿನಲ್ಲಿ ಕೈ ಒರೆಸಿಕೊಂಡು, ಟ್ರ್ಯಾಕ್ಟರಿನ ಮೇಲೆ ಯಾರೋ ಬಿಟ್ಟುಹೋಗಿದ್ದ ನಿನ್ನೆಯ ಕಡ್ಲೆಪುರಿಯ ಪೊಟ್ಟಣ ಬಿಚ್ಚಿ, ಬಾಳೆಕಂದಿನ ನೆರಳಿನಲ್ಲಿ ಕೂತು ತಿನ್ನತೊಡಗಿದರು.