ಗೇಟಿನ ಹೊರಗಿನ ಪಂಕ್ತಿ

ನಮ್ಮ ಕಾರಿನ ಕಂಪನಿಯ ಕ್ಯಾಂಟೀನಿನಲ್ಲಿ ಎಡಗಡೆಯ ಮೇಜುಗಳು ಹಳೇ ಸಂಘದವರದು, ಬಲಗಡೆಯವು ಹೊಸ ಸಂಘದವರದು. ಹಾಗೆಂದು ಯಾರೂ ಬೋರ್ಡು ಹಾಕಿರಲಿಲ್ಲ. ಆದರೆ ಎಡಗಡೆಯವನೊಬ್ಬ ಬಲಗಡೆ ಹೋಗಿ ತಟ್ಟೆ ಇಟ್ಟರೆ ಆ ದಿನವಿಡೀ ಅದೇ ಸುದ್ದಿ. ಹಳೇ ಸಂಘ ಈಗ ಆಳುತ್ತಿರುವ ಪಕ್ಷದ್ದು, ಹೊಸ ಸಂಘ ವಿರೋಧ ಪಕ್ಷದ್ದು. ಸಾಂಬಾರಿನ ಬೇಳೆಯೆಲ್ಲ ಅವರಿಗೆ, ನಮಗೆ ಬರೀ ತಿಳಿ ಎಂದು ಎರಡೂ ಕಡೆಯವರು ಜಗಳಕ್ಕೆ ಬರುತ್ತಿದ್ದರು. ‘ಒಂದೇ ಕೊಪ್ಪರಿಗೆಯ ಸಾಂಬಾರು, ನಿಮ್ಮ ಪಕ್ಷ ನೋಡಿ ಬೇಳೆ ಈಜಿಕೊಂಡು ಬರುವುದಿಲ್ಲ’ ಎಂದು ನಾನು ಒಮ್ಮೆ ಸೌಟು ಹಿಡಿದುಕೊಂಡೇ ಹೇಳಿದ್ದೆ. ಎರಡೂ ಕಡೆಯವರು ನಕ್ಕರು. ನಕ್ಕದ್ದು ಮಾತ್ರ ಒಟ್ಟಿಗೆ.

ನಾನು ಚಂದ್ರಮತಿ, ಊರು ಕುಂದಾಪುರದ ಕಡೆ. ನನ್ನ ಗಂಡನ ಹೆಸರು ಸುಕೇಶ್. ಹೆಸರು ಹಿಡಿದು ಕರೆಯುವ ಅಭ್ಯಾಸ ನನಗಿಲ್ಲ, ಇವರು ಎನ್ನುತ್ತೇನೆ. ಇವರು ಮೊದಲು ಈ ತಮಿಳು ಸೀಮೆಯಲ್ಲಿ, ನುಂಗಂಬಾಕ್ಕಂನ ಒಂದು ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದರು. ಒರಗಡಂ ಕಡೆ ಈ ಕಂಪನಿ ಶುರುವಾದಾಗ ಉಡುಪಿಯ ಸುಬ್ರಾಯಣ್ಣ ಕ್ಯಾಂಟೀನಿನ ಕಾಂಟ್ರಾಕ್ಟು ಹಿಡಿದು ನಮ್ಮಿಬ್ಬರನ್ನೂ ಕರೆದುಕೊಂಡು ಬಂದರು. ಅಡುಗೆಗೆ, ಬಡಿಸಲಿಕ್ಕೆ, ತೊಳೆಯಲಿಕ್ಕೆ ಎಲ್ಲ ಸೇರಿ ನಾವು ಸುಮಾರು ಇಪ್ಪತ್ತು ಜನ. ಹೆಚ್ಚಿನವರು ನಮ್ಮ ಊರ ಕಡೆಯವರೇ.

ಸುಬ್ರಾಯಣ್ಣನದು ಒಂದೇ ಕಟ್ಟಳೆ. ಕ್ಯಾಂಟೀನಿನೊಳಗೆ ಪಕ್ಷ ಬರಕೂಡದು. ಪಕ್ಷದ ಬಣ್ಣದ ಅಂಚಿನ ಪಂಚೆ ಉಟ್ಟವನು ಬಡಿಸಕೂಡದು. ನಮ್ಮಲ್ಲಿ ಯಾರೂ ಯಾವ ಸಂಘಕ್ಕೂ ಸೇರಕೂಡದು. ‘ನಾವು ಅನ್ನ ಹಾಕುವವರು ಮಾರಾಯ್ತಿ, ನಮಗೆ ಎಂತಕ್ಕೆ ಅವರ ಬಾವುಟ? ಇವತ್ತು ಇವನು, ನಾಳೆ ಅವನು. ಹಸಿವು ಇಬ್ಬರಿಗೂ ಉಂಟಲ್ಲ’ ಎನ್ನುತ್ತಿದ್ದರು. ಹೋಟೆಲಿನವರ ಬುದ್ಧಿ ಅದು. ಗಲ್ಲಾಪೆಟ್ಟಿಗೆಯ ಮುಂದೆ ಕೂತವನು ಗಿರಾಕಿಯ ಜಾತಿ, ಪಕ್ಷ ಕೇಳುವುದಿಲ್ಲ. ನಮಗೂ ಅದು ಸರಿಯೆಂದೇ ಕಂಡಿತ್ತು.

ಹೋದ ವರ್ಷ ಕಂಪನಿ ನಷ್ಟವೆಂದು ಬಾಗಿಲು ಹಾಕಿತು. ಬೆಳಿಗ್ಗೆ ಬಸ್ಸಿನಿಂದ ಇಳಿದು ನೋಡಿದರೆ ಗೇಟಿಗೆ ಬೀಗ, ಒಳಗೆ ಪೊಲೀಸರು. ಎರಡೂ ಸಂಘದವರು ಗೇಟಿನ ಮುಂದೆ ಬೇರೆ ಬೇರೆ ಶಾಮಿಯಾನ ಹಾಕಿಸಿಕೊಂಡು ಧರಣಿ ಕೂತರು. ನಡುವೆ ಒಂದು ಲಾರಿ ಹೋಗುವಷ್ಟು ಜಾಗ ಬಿಟ್ಟಿದ್ದರು, ಒಬ್ಬರ ಗಾಳಿ ಇನ್ನೊಬ್ಬರಿಗೆ ತಾಗಬಾರದಲ್ಲ. ಸುಬ್ರಾಯಣ್ಣ ಆ ನಡುವಿನ ಜಾಗದಲ್ಲೇ ಒಲೆ ಹೂಡಿಸಿದರು. ‘ಇಷ್ಟು ವರ್ಷ ಇವರ ಹೊಟ್ಟೆ ನಂಬಿ ಬದುಕಿದ್ದೇವೆ, ಈಗ ಬಿಟ್ಟು ಹೋಗುದು ಹೇಗೆ’ ಎಂದರು. ಎರಡೂ ಶಾಮಿಯಾನದಿಂದ ಅಕ್ಕಿ ಬರುತ್ತಿತ್ತು. ಒಂದೇ ಪಾತ್ರೆಯಲ್ಲಿ ಬೇಯುತ್ತಿತ್ತು. ಬೇಸಿಗೆ, ಮಳೆ, ಆ ಡಿಸೆಂಬರಿನ ಚಂಡಮಾರುತ, ಎಲ್ಲ ನಾವು ಆ ಒಲೆಯ ಮುಂದೆಯೇ ಕಳೆದೆವು. ನಮಗೆ ಸಂಬಳವಿರಲಿಲ್ಲ. ಕಂಪನಿ ತೆರೆದರೆ ಅವರ ಜೊತೆ ನಾವೂ ಒಳಗೆ ಹೋಗುತ್ತೇವೆಂಬ ನಂಬಿಕೆಯಿತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಚುನಾವಣೆ ಹತ್ತಿರ ಬಂತು. ಆಗ ನೋಡಬೇಕಿತ್ತು ಈ ನಾಯಕರ ಪ್ರೀತಿಯನ್ನು. ದಿನ ಬಿಟ್ಟು ದಿನ ಒಬ್ಬೊಬ್ಬರು ಬಂದು ಮೈಕು ಹಿಡಿದು ಅಳುವುದೇನು, ನಮ್ಮ ಒಲೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವುದೇನು. ಕಡೆಗೂ ಸರಕಾರ ಕಂಪನಿಯನ್ನು ಉಳಿಸಿತು. ಸಾಲಕ್ಕೆ ಸರಕಾರವೇ ಜಾಮೀನು ನಿಂತಿತು, ತೆರಿಗೆ ಬಿಟ್ಟುಕೊಟ್ಟಿತು, ಬೇರೊಂದು ಕಂಪನಿ ಬಂದು ಇದನ್ನು ಕೊಂಡಿತು. ಕಾಯಂ ನೌಕರರೆಲ್ಲರಿಗೂ ಕೆಲಸ ವಾಪಸು. ನಾವೇ ತಂದದ್ದು ಎಂದು ಹಳೇ ಸಂಘದವರು ಪಟಾಕಿ ಹೊಡೆದರು. ನಮ್ಮ ಒತ್ತಡಕ್ಕೇ ಆದದ್ದು ಎಂದು ಹೊಸ ಸಂಘದವರೂ ಹೊಡೆದರು. ಅವತ್ತು ನಾನೂ ಅತ್ತೆ. ಸಂತೋಷಕ್ಕೇ ಅತ್ತದ್ದು, ಸುಳ್ಳು ಯಾಕೆ ಹೇಳಲಿ. ಇವರಿಗೆ ಐವತ್ತು ದಾಟಿದೆ. ಬೆಂಕಿಯ ಮುಂದೆ ನಿಂತು ನಿಂತು ಕಾಲಿನ ನರ ಊದಿಕೊಂಡಿದೆ. ಇನ್ನು ಯಾವ ಹೋಟೆಲಿನವನೂ ಕರೆಯುವುದಿಲ್ಲ. ಮಗಳು ಚೈತನ್ಯಾ ನರ್ಸಿಂಗ್ ಸೇರಬೇಕೆಂದು ಕೂತಿದ್ದಾಳೆ. ಈ ಕೆಲಸವೊಂದು ಉಳಿದರೆ ಮನೆ ಉಳಿಯುತ್ತದೆ.

ಅದು ಉಳಿಯಲಿಲ್ಲ ಎಂದು ಸುಬ್ರಾಯಣ್ಣ ಮರುದಿನ ಹೇಳಿದರು. ಹೊಸ ಕಂಪನಿಗೆ ಕ್ಯಾಂಟೀನು ಬೇಡವಂತೆ. ಊಟವನ್ನು ಹೊರಗಿನ ದೊಡ್ಡ ಕಂಪನಿಯೊಂದು ಡಬ್ಬಿಯಲ್ಲಿ ಕಳಿಸುತ್ತದಂತೆ. ಒಪ್ಪಂದದಲ್ಲಿ ನಮ್ಮ ಹೆಸರು ಬಿಡಿ, ಕ್ಯಾಂಟೀನ್ ಎಂಬ ಮಾತೇ ಇರಲಿಲ್ಲ.

ನನಗೆ ತಲೆ ಕೆಟ್ಟುಹೋಯಿತು. ಸುಬ್ರಾಯಣ್ಣನನ್ನು ಎಳೆದುಕೊಂಡೇ ಹಳೇ ಸಂಘದ ಕಾರ್ಯದರ್ಶಿ ಇಳಂಗೋ ಹತ್ತಿರ ಹೋದೆ. ನನ್ನ ಕೈಯ ಅನ್ನ ತಿಂದು ದಪ್ಪಗಾದ ಮನುಷ್ಯ. ಕುರ್ಚಿ ಕೊಟ್ಟ, ಚಹಾ ತರಿಸಿದ.

‘ಅಕ್ಕಾ, ನೀವು ಯಾವತ್ತಾದರೂ ನಮ್ಮ ಸಂಘಕ್ಕೆ ಬಂದಿದ್ದೀರಾ?’ ಎಂದು ತಮಿಳಿನಲ್ಲಿ ಕೇಳಿದ. ‘ಚಂದಾ ಕಟ್ಟಿದ್ದೀರಾ? ಸಂಘದಲ್ಲಿ ಇಲ್ಲದವರ ಪರವಾಗಿ ನಾನು ಯಾವ ಮುಖ ಇಟ್ಟುಕೊಂಡು ಮಾತಾಡಲಿ?’

‘ನಿಮ್ಮ ಧರಣಿಯಲ್ಲಿ ಇದ್ದೆವಲ್ಲ ತಂಬಿ, ದಿನಾ.’

‘ಇದ್ದಿರಿ. ಇಲ್ಲ ಎನ್ನುವುದಿಲ್ಲ. ಆದರೆ ಆ ಕಡೆಯವರಿಗೂ ಬಡಿಸಿದಿರಲ್ಲ.’

ಹೊಸ ಸಂಘದ ಮಾಣಿಕ್ಕಂ ಚಹಾ ಕೊಡಲಿಲ್ಲ, ಮಾತು ಮಾತ್ರ ಅದೇ. ಸುಬ್ರಾಯಣ್ಣ ಹೊರಗೆ ಬಂದು ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡರು. ಎರಡೂ ಕಡೆಗೆ ಸಮ ಬಡಿಸಿದ ತಪ್ಪಿಗೆ ಎರಡೂ ಕಡೆಯವರು ಕೈ ತೊಳೆದುಕೊಂಡಿದ್ದರು.

ಕಂಪನಿ ತೆರೆಯುವ ದಿನ ಮಂತ್ರಿಗಳು ಬರುವವರಿದ್ದರು. ಅವತ್ತಿನ ಊಟ ಮಾತ್ರ ನೀವೇ ಮಾಡಿ ಎಂದು ಕಂಪನಿಯವರು ಸುಬ್ರಾಯಣ್ಣನಿಗೆ ಹೇಳಿಕಳಿಸಿದರು. ಬಾಳೆಲೆ, ಎರಡು ಪಾಯಸ, ಬಿಸಿಬಿಸಿ ಹೋಳಿಗೆ. ಕೇಳಿ ನನ್ನ ಹೊಟ್ಟೆ ಉರಿಯಿತು. ಎಲ್ಲರನ್ನೂ ಕರೆದು, ಒಲೆ ಹಚ್ಚುವುದು ಬೇಡ, ಅವರು ಧರಣಿ ಕೂತ ಜಾಗದಲ್ಲೇ ನಾವೂ ಕೂರುವ ಎಂದೆ. ಎಲ್ಲರನ್ನೂ ಕೆಲಸಕ್ಕೆ ತೆಗೆದುಕೊಂಡರೆ ಏಳುವುದು, ಒಬ್ಬಿಬ್ಬರನ್ನು ಕರೆದರೆ ಯಾರೂ ಹೋಗುವುದಿಲ್ಲ. ಪಾತ್ರೆ ತೊಳೆಯುವ ಸಾಕಮ್ಮ ಮೊದಲು ಹೂಂ ಎಂದಳು. ತರಕಾರಿ ಹೆಚ್ಚುವ ಜಲಜಾಕ್ಷಿಯಕ್ಕ, ನಮ್ಮೆಲ್ಲರಿಗಿಂತ ಹಿರಿಯರು, ಎಪ್ಪತ್ತರ ಹತ್ತಿರ, ‘ನನಗೆ ನೆಲದಲ್ಲಿ ಕೂತರೆ ಏಳ್ಲಿಕ್ಕೆ ಆಗುದಿಲ್ಲ, ಕೂರ್ತೇನೆ, ಎಬ್ಬಿಸುವ ಕೆಲಸ ನಿನ್ನದು’ ಎಂದರು. ಇವರು ಕಾಲು ನೀವಿಕೊಳ್ಳುತ್ತ ಆಗಲಿ ಎಂದು ತಲೆಯಾಡಿಸಿದರು.

ಸುಬ್ರಾಯಣ್ಣ ಒಪ್ಪಲಿಲ್ಲ. ‘ಊಟ ಹಾಕ್ತೇನೆ ಅಂತ ಮಾತು ಕೊಟ್ಟಾಗಿದೆ ಚಂದ್ರಮತಿ. ಎಲೆ ಹಾಕಿ ಅನ್ನ ಇಲ್ಲ ಅಂತ ನನ್ನ ಜನ್ಮದಲ್ಲಿ ಹೇಳ್ಲಿಲ್ಲ. ಅದು ನನ್ನಿಂದ ಆಗುದಿಲ್ಲ.’

‘ಹಾಗಾದರೆ ನೀವೇ ಬೇಯಿಸಿ ಅಣ್ಣ’ ಎಂದೆ. ಅಷ್ಟು ಖಾರವಾಗಿ ಅವರ ಜೊತೆ ನಾನು ಯಾವತ್ತೂ ಮಾತಾಡಿರಲಿಲ್ಲ.

ಆ ದಿನ ಬೆಳಿಗ್ಗೆ ನಾವು ಗೇಟಿನ ಪಕ್ಕ ಸಾಲಾಗಿ ಕೂತೆವು. ಶಾಮಿಯಾನ ತೆಗೆದಿದ್ದರು, ನೆರಳಿರಲಿಲ್ಲ. ಕಂಪನಿಯ ಬಸ್ಸುಗಳು ಒಂದೊಂದಾಗಿ ಬಂದವು. ಹೊಸ ಸಮವಸ್ತ್ರ ಹಾಕಿಕೊಂಡ ಗಂಡಸರು ಇಳಿದು ನಮ್ಮನ್ನು ನೋಡಿದರು. ಕೆಲವರು ನಿಂತರು, ‘ಏನಕ್ಕಾ ಇಲ್ಲಿ’ ಎಂದರು. ಹೇಳಿದೆ. ಅಯ್ಯೋ ಪಾಪ ಎಂದು ಒಳಗೆ ಹೋದರು. ತಿಂಗಳುಗಟ್ಟಲೆ ಬೀಗ ನೋಡಿದವರು ತೆರೆದ ಗೇಟನ್ನು ಬಿಟ್ಟು ನಮ್ಮ ಪಕ್ಕ ಕೂರುತ್ತಾರೆಂದು ನಾನು ಎಣಿಸಿದ್ದು ತಪ್ಪೇ ಇರಬಹುದು. ಆದರೂ ಒಬ್ಬನಾದರೂ ಕೂರಬಹುದೆಂದು ಪ್ರತಿ ಬಸ್ಸಿಗೂ ಕತ್ತೆತ್ತಿ ನೋಡಿದೆ.

ಆಮೇಲೆ ಒಂದು ವ್ಯಾನು ಬಂತು. ಮೇಲೆ ಇವರು ಮೊದಲು ಕೆಲಸ ಮಾಡುತ್ತಿದ್ದ ನುಂಗಂಬಾಕ್ಕಂ ಹೋಟೆಲಿನ ಹೆಸರು, ನಮ್ಮ ಕಡೆಯವರದೇ ಹೋಟೆಲು. ಒಳಗಿನಿಂದ ಹೋಳಿಗೆಯ ವಾಸನೆ. ಡ್ರೈವರಿನ ಪಕ್ಕ ಸುಬ್ರಾಯಣ್ಣ ಕೂತಿದ್ದರು. ನಮ್ಮ ಕಡೆ ತಿರುಗಲಿಲ್ಲ. ಅವರ ಮುಖ ನೋಡಿದ ಮೇಲೆ ನನಗೆ ಬೈಯಲೂ ಮನಸ್ಸಾಗಲಿಲ್ಲ.

ಮಂತ್ರಿಗಳು ಬರುವ ಹೊತ್ತಾಯಿತು ಎಂದಾಗ ಇಳಂಗೋ, ಮಾಣಿಕ್ಕಂ ಇಬ್ಬರೂ ಗೇಟಿನಿಂದ ಹೊರಗೆ ಬಂದರು. ಒಟ್ಟಿಗೆ ಬಂದರು, ಮಾತಾಡಿಕೊಂಡು. ಅವರಿಬ್ಬರೂ ಅಕ್ಕಪಕ್ಕ ನಡೆಯುವುದನ್ನು ಈ ಕಂಪನಿಯಲ್ಲಿ ಯಾರೂ ನೋಡಿರಲಿಲ್ಲ.

‘ಅಕ್ಕಾ, ಇಂಥ ದಿನ ಇದು ಚೆನ್ನಾಗಿ ಕಾಣುವುದಿಲ್ಲ’ ಎಂದ ಇಳಂಗೋ. ‘ಕಂಪನಿಯವರ ಹತ್ತಿರ ಈಗಷ್ಟೇ ಮಾತಾಡಿದೆವು. ಹೆಲ್ಪರ್ ಕೆಲಸ ಉಂಟು, ಊಟದ ಡಬ್ಬಿ ಇಳಿಸಲಿಕ್ಕೆ, ಹಂಚಲಿಕ್ಕೆ. ನನ್ನ ಸಂಘದ ಲೆಕ್ಕದಲ್ಲಿ ಐದು ಜನ, ಮಾಣಿಕ್ಕಂ ಸಂಘದ ಲೆಕ್ಕದಲ್ಲಿ ಐದು ಜನ. ಬೇಕಾದವರು ಎದ್ದು ಬನ್ನಿ. ನನ್ನ ಹಿಂದೆ ನಿಂತವರು ನಮ್ಮವರು, ಇವರ ಹಿಂದೆ ನಿಂತವರು ಇವರವರು.’

‘ಉಳಿದವರು?’ ಎಂದು ಕೇಳಿದೆ.

‘ನೋಡೋಣ’ ಎಂದ ಮಾಣಿಕ್ಕಂ.

‘ಎಲ್ಲರನ್ನೂ ತೆಗೆದುಕೊಂಡರೆ ಏಳ್ತೇವೆ’ ಎಂದೆ. ನನ್ನ ಧ್ವನಿ ಗಟ್ಟಿಯಾಗಿಯೇ ಇತ್ತು. ಸಾಲಿನಲ್ಲಿ ಯಾರೂ ಅಲುಗಲಿಲ್ಲ. ಸಾಕಮ್ಮ ತಲೆ ತಗ್ಗಿಸಿ ನೆಲದ ಕಲ್ಲು ಕೀಳುತ್ತಿದ್ದಳು. ಹೀಗೇ ಸ್ವಲ್ಪ ಹೊತ್ತು ಕೂತಿದ್ದರೆ ಗೆಲ್ಲುತ್ತೇವೆ ಎಂದು ಆ ಕ್ಷಣ ನನಗೆ ನಿಜವಾಗಿ ಅನ್ನಿಸಿತು.

ಆಗ ಇವರು ಎದ್ದರು.

ನೆಲಕ್ಕೆ ಎರಡೂ ಕೈ ಊರಿ, ನೋವಿನ ಕಾಲನ್ನು ಮೊದಲು ನೇರ ಮಾಡಿ, ನಿಧಾನವಾಗಿ ಎದ್ದರು. ನನ್ನ ಕಡೆ ನೋಡಲಿಲ್ಲ. ಇಳಂಗೋ ಹಿಂದೆ ಹೋಗಿ ನಿಂತರು.

ಎಲ್ಲರೂ ನನ್ನ ಮುಖ ನೋಡಿದರು. ನನಗೆ ಸಿಟ್ಟು ಬಂದಿತ್ತೆಂದು ಅವರು ತಿಳಿದಿರಬೇಕು. ಮೊದಲು ಬಂದದ್ದು ಸಿಟ್ಟಲ್ಲ. ಸದ್ಯ, ಒಬ್ಬರಿಗಾದರೂ ಕೆಲಸವಾಯಿತು ಎಂದು ಎದೆ ಹಗುರಾಯಿತು. ಚೈತನ್ಯಾಳ ಫೀಸಿನ ಯೋಚನೆಯೂ ಅಲ್ಲಿಯೇ ಬಂದುಹೋಯಿತು. ಆಮೇಲೆ ಬಂದದ್ದು ನಾಚಿಕೆ. ಸಿಟ್ಟು ಅದರ ಹಿಂದೆ ಬಂತು, ಅದೂ ಯಾರ ಮೇಲೆ ಎಂದು ನನಗೇ ತಿಳಿಯಲಿಲ್ಲ.

ಆಮೇಲೆ ತಡೆಯಲಿಕ್ಕೆ ನನಗೆ ಯಾವ ಬಾಯಿತ್ತು? ನನ್ನ ಗಂಡನೇ ಎದ್ದ ಮೇಲೆ ಬೇರೆಯವರು ಕೂರಬೇಕೆಂದು ಹೇಗೆ ಹೇಳಲಿ? ಬಡಿಸುವ ಹುಡುಗರಲ್ಲಿ ಒಬ್ಬ ಎದ್ದ, ಇನ್ನೊಬ್ಬ ಎದ್ದ. ಒಂದೇ ಮನೆಯ ಇಬ್ಬರಲ್ಲಿ ಅಣ್ಣ ಈ ಕಡೆ, ತಮ್ಮ ಆ ಕಡೆ ನಿಂತರು, ಮುಂದೆ ಯಾವ ಪಕ್ಷ ಬಂದರೂ ಒಬ್ಬನದು ಉಳಿಯಲಿ ಎಂದು. ಸಾಕಮ್ಮ ‘ತಪ್ಪು ತಿಳ್ಕೊಬೇಡ ಅಕ್ಕ’ ಎಂದು ನನ್ನ ಭುಜ ಮುಟ್ಟಿ ಹೋದಳು. ಮಾಣಿಕ್ಕಂ ಹಿಂದೆ ಒಂದು ಜಾಗ ಉಳಿದಿತ್ತು.

‘ನೀವು ಬನ್ನಿ ಅಕ್ಕಾ’ ಎಂದು ಅವನು ನನ್ನನ್ನೇ ಕರೆದ. ‘ಒಂದೇ ಮನೆಯಲ್ಲಿ ಎರಡು ಕೆಲಸ. ನಾನು ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವುದಿಲ್ಲ.’

ಹೋಗಬೇಕೆಂದು ಅನ್ನಿಸಲಿಲ್ಲ ಎಂದು ಹೇಳಿದರೆ ಬಾಯಿಗೆ ಹುಳ ಬೀಳಲಿ. ಇವರು ಅಲ್ಲಿಂದ ನನ್ನನ್ನು ನೋಡುತ್ತಿದ್ದರು, ಬಾ ಎನ್ನುವ ಹಾಗೆ. ಪಕ್ಕದಲ್ಲಿ ಜಲಜಾಕ್ಷಿಯಕ್ಕ ಕಾಲು ಚಾಚಿ ಕೂತಿದ್ದರು. ಅವರನ್ನು ಯಾರೂ ಕರೆದಿರಲಿಲ್ಲ, ಕರೆಯುವುದೂ ಇಲ್ಲ. ನಾನು ಬರುವುದಿಲ್ಲ ಎಂದು ತಲೆಯಾಡಿಸಿದೆ. ಆ ಜಾಗಕ್ಕೆ ಬೇರೆ ಯಾರೋ ಹೋದರು. ಹತ್ತು ಜನರನ್ನು ಕರೆದುಕೊಂಡು ಇಬ್ಬರು ನಾಯಕರೂ ಒಳಗೆ ಹೋದರು.

ಉಳಿದವರು ಹೆಚ್ಚಾಗಿ ಹೆಂಗಸರು, ವಯಸ್ಸಾದವರು. ಎಡೆಯೆಡೆಯಲ್ಲಿ ಜಾಗ ಖಾಲಿ ಬಿದ್ದು ಸಾಲು ಸಾಲಿನಂತೆ ಕಾಣುತ್ತಿರಲಿಲ್ಲ. ಹತ್ತಿರ ಬನ್ನಿ ಎಂದೆ, ಎಲ್ಲರೂ ಸರಿದು ಕೂತರು. ಅಷ್ಟರಲ್ಲಿ ತಮಟೆ ಶುರುವಾಯಿತು, ಕಾರುಗಳು ಬಂದವು. ಮಂತ್ರಿಗಳ ಕಾರು ನಮ್ಮೆದುರು ನಿಧಾನವಾಯಿತು. ಕಿಟಕಿಯ ಗಾಜು ಇಳಿಯಿತು. ಧನ್ಯವಾದ ಹೇಳಲು ಬಂದ ಹೆಂಗಸರು ಎಂದುಕೊಂಡರೋ ಏನೋ, ಮಂತ್ರಿಗಳು ನಗುತ್ತ ನಮಗೆ ಕೈ ಮುಗಿದರು. ಹೇಳಬೇಕಾದ ಮಾತೆಲ್ಲ ನನ್ನ ಬಾಯಲ್ಲೇ ಇತ್ತು, ತಮಿಳಿನಲ್ಲಿ, ಬೆಳಗಿನಿಂದ ಮನಸ್ಸಿನಲ್ಲೇ ಹೇಳಿಕೊಂಡು ತಯಾರಾಗಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಗಾಜು ಏರಿತು. ಕಾರು ಒಳಗೆ ಹೋಯಿತು, ಗೇಟು ಮುಚ್ಚಿದರು.

ಒಳಗೆ ಮೈಕಿನಲ್ಲಿ ಮೊದಲು ಇಳಂಗೋ ಮಾತಾಡಿದ, ಆಮೇಲೆ ಮಾಣಿಕ್ಕಂ. ಒಬ್ಬರನ್ನೊಬ್ಬರು ಸಹೋದರ ಎಂದರು. ಚಪ್ಪಾಳೆ ಬಿತ್ತು.

ಜಲಜಾಕ್ಷಿಯಕ್ಕ ಸೆರಗನ್ನು ತಲೆಗೆ ಹೊದ್ದುಕೊಂಡು ಗೇಟಿನ ಕಡೆ ತಿರುಗಿದರು. ಈಗ ಇವರನ್ನು ಬೈಯುತ್ತಾರೆ, ಬೈದರೆ ಬೈಯಲಿ, ಕೇಳಿಸಿಕೊಳ್ಳುತ್ತೇನೆ ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡೆ.

‘ನಿನ್ನ ಗಂಡ ಬೆಳಿಗ್ಗೆ ಎಂತಾದ್ರೂ ತಿಂದಿದ್ದಾನಾ?’ ಎಂದು ಕೇಳಿದರು.

‘ಇಲ್ಲ ಅಕ್ಕ’ ಎಂದೆ. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು.